ಅಮ್ಮನ ಪಾಸು ನಡುಬೆಟ್ಟದವರೆಗೆ

ಮನೆ,
ಅಕ್ಟೋಬರ್ 12, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಗುಳ್ಳೆಗಳು ಆರಿದವಾ? ನಾನು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಯಾರಿಗೋ ದಾನ ಮಾಡಿಬಿಟ್ಟೆಯೋ? ಎಷ್ಟೇ ಸಿಟ್ಟಿದ್ದರೂ ಮೊದಲು ಆರೋಗ್ಯ ವಿಚಾರಿಸಬೇಕೆಂದು ಅಮ್ಮ ಕಲಿಸಿದ್ದಾಳೆ, ವಿಚಾರಿಸಿದ್ದಾಯಿತು. ಇನ್ನು ಸಿಟ್ಟಿನ ಮಾತಿಗೆ ಬರುತ್ತೇನೆ.

ನೀನು ರಜೆಗೆ ಬಂದಾಗ ನಾನೂ ಅಮ್ಮನೂ ಊಟದ ಮೇಜಿನ ತುಂಬ ಕರಪತ್ರ ಹರಡಿಕೊಂಡು ಬೆಟ್ಟದ ಪ್ರವಾಸಕ್ಕೆ ಯಾವ ಪಾಸು ಕೊಳ್ಳುವುದೆಂದು ಕಿತ್ತಾಡುತ್ತಿದ್ದದ್ದು ನಿನಗೆ ಗೊತ್ತೇ ಇದೆ. ನಡುಬೆಟ್ಟದ ಪಾಸಿನಲ್ಲಿ ಪುಟ್ಟ ರೈಲು, ಸರೋವರದ ದೋಣಿ, ಅರ್ಧ ಬೆಟ್ಟದವರೆಗೆ ಬಸ್ಸು. ಶಿಖರದ ಪಾಸಿನಲ್ಲಿ ಅವೆಲ್ಲದರ ಜೊತೆಗೆ ತುತ್ತತುದಿಯವರೆಗೆ ರೋಪ್‌ವೇ. ಅಮ್ಮ ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದವಳು, ಪಾಸಿನ ಸಣ್ಣ ಅಕ್ಷರದ ನಿಯಮಗಳನ್ನು ಕಾದಂಬರಿಯ ಹಾಗೆ ಓದುತ್ತಾಳೆ. ಓದಿ ಓದಿ ಅರ್ಧ ಬೆಟ್ಟವೇ ಸಾಕು ಎನ್ನುತ್ತಿದ್ದಳು. ಅಷ್ಟು ದೂರ ಹೋಗಿ ತುದಿ ನೋಡದೆ ಬರುವುದೆಂದರೆ ಮದುವೆಗೆ ಹೋಗಿ ಉಪವಾಸ ಬಂದ ಹಾಗೆ ಎಂದು ನಾನು ಹಟ ಹಿಡಿದಿದ್ದೆ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಅವಳು ಒಪ್ಪಿಬಿಟ್ಟಳು. ಇಬ್ಬರ ಪಾಸೂ ನಾನೇ ತರುತ್ತೇನೆಂದು ನೀನು ಹೊರಟೆ, ತಂದು ಅವಳ ಕೈಗೇ ಕೊಟ್ಟೆ. ಅಮ್ಮ ಹುಟ್ಟಿದಾರಭ್ಯ ಯಾವ ವಾದದಲ್ಲೂ ಸೋತವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣಿಗೆ ಕನ್ನಡಕ ಕೂರಿಸುತ್ತೇನೆ, ಮೂಗಿನ ಕೆಳಗಿನದು ಮಾತ್ರ ನನಗೆ ಕಾಣಲಿಲ್ಲ.

ಪ್ರಯಾಣದುದ್ದಕ್ಕೂ ಪಾಸುಗಳು ಅವಳ ಕೈಚೀಲದಲ್ಲೇ ಇದ್ದವು. ನಾನು ಕೇಳಿದರೆ, ಟಿಕೆಟ್ ಹರಿದ ಕೈ ನನ್ನದು, ಕಳೆಯುವ ಕೈ ನಿನ್ನದು ಎಂದು ನಕ್ಕಳು. ರೈಲಿನಲ್ಲೂ ದೋಣಿಯಲ್ಲೂ ಎರಡನ್ನೂ ತಾನೇ ತೋರಿಸಿದಳು. ದೋಣಿಯಲ್ಲಿ ಟಿಕೆಟ್ ನೋಡುವವನಿಗೆ, ನಿಂತು ಕೆಲಸ ಮಾಡುವವರು ಇಂಥ ಚಪ್ಪಲಿ ಹಾಕಬಾರದೆಂದು ಬುದ್ಧಿ ಬೇರೆ ಹೇಳಿದಳು. ಅವಳು ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿ ವರ್ಷಗಳಾಗಿದ್ದವು, ಅಣ್ಣಾ. ನಿನ್ನನ್ನೂ ಮನಸ್ಸಿನಲ್ಲೇ ಹರಸಿದೆ. ಅದನ್ನು ಈಗ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ನಡುಬೆಟ್ಟದಲ್ಲಿ ಬಸ್ಸಿಳಿದು ರೋಪ್‌ವೇ ಬಾಗಿಲಿಗೆ ಹೋದೆವು. ಅಲ್ಲಿ ಒಬ್ಬೊಬ್ಬರೇ ತಮ್ಮ ಪಾಸನ್ನು ಯಂತ್ರಕ್ಕೆ ತಾಗಿಸಿ ಒಳಗೆ ಹೋಗಬೇಕು. ಆಗ ಮೊದಲ ಸಲ ಅವಳು ನನ್ನ ಪಾಸನ್ನು ನನ್ನ ಕೈಗಿಟ್ಟಳು. ನಾನು ತಾಗಿಸಿದೆ, ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು, ಒಳಗೆ ಹೋದೆ. ಅಮ್ಮ ಬರುತ್ತಾಳೆಂದು ತಿರುಗಿ ನೋಡಿದರೆ ಅವಳು ಪಾಸನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಆಚೆ ನಿಂತಿದ್ದಳು. ನಾನು ಕಂಬಿಯ ಮೇಲೆ ಬಾಗಿ ಅದನ್ನು ಕಿತ್ತುಕೊಂಡು ನಾನೇ ತಾಗಿಸಿದೆ. ಕೆಂಪು ದೀಪ. ಇನ್ನೊಮ್ಮೆ ತಾಗಿಸಿದೆ. ಕಾವಲಿನವನು ಬಂದು ನೋಡಿ, ಇವರದು ನಡುಬೆಟ್ಟದವರೆಗಿನದು, ನಿಮ್ಮದು ಶಿಖರದ್ದು ಎಂದ. ನಾನು ಅಷ್ಟು ಜನರ ಮುಂದೆ ನಿನ್ನನ್ನು ಬೈದೆ. ಜುಗ್ಗ ಎಂದೆ, ಬೇಜವಾಬ್ದಾರಿ ಎಂದೆ, ಅಲ್ಲೇ ಇನ್ನೊಂದು ಟಿಕೆಟ್ ಕೊಳ್ಳಲು ಹೊರಟೆ. ಅಮ್ಮ ನನ್ನ ತೋಳು ಹಿಡಿದಳು.

"ಅವನಿಗೆ ಬೈಬೇಡ. ಇಂಥದ್ದೇ ತಾ ಅಂತ ನಾನೇ ಹೇಳಿದ್ದು. ಹೃದಯದ ಕವಾಟ ಹಾಳಾಗಿದೆಯಂತೆ ಕಣೇ. ಎತ್ತರಕ್ಕೆ ಹೋಗಬೇಡಿ ಅಂದಿದ್ದಾರೆ."

ಅಣ್ಣನಿಗೆ ಗೊತ್ತಾ ಎಂದು ಕೇಳಿದೆ.

"ಅವನೇ ಅಲ್ವಾ ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದು."

ಕಿವಿ ತೋರಿಸಲು ಹೋಗುತ್ತೇವೆಂದು ನೀವಿಬ್ಬರೂ ಹೊರಟಿರಲ್ಲ, ಆ ದಿನ. ಬರುವಾಗ ನನಗೆ ಪೇರಲೆಹಣ್ಣು ತಂದಿರಿ. ನಾನು ತಿಂದೆ.

ಅಣ್ಣಾ, ನೀನು ವರ್ಷಕ್ಕೊಮ್ಮೆ ಬರುವವನು. ಅವಳ ಜೊತೆ ಒಂದೇ ಸೂರಿನಡಿ ಇರುವವಳು ನಾನು. ಅವಳ ತಲೆ ಬಾಚುವವಳು, ರಾತ್ರಿ ಕೆಮ್ಮಿದರೆ ಎದ್ದು ನೀರು ಕೊಡುವವಳು ನಾನು. ನೀನು ಬಾಯಿಗೆ ಬೀಗ ಹಾಕಿಕೊಂಡು ಹಡಗು ಹತ್ತಿದೆ. ನಾನು ಇಲ್ಲಿ, ಕೂತು ಕೂತು ಮೈ ಜಡ್ಡುಗಟ್ಟಿದೆ ಎಂದು ಅವಳನ್ನು ದಿನಾ ಸಂಜೆ ಮೂರು ಮಹಡಿ ಹತ್ತಿಸಿದೆ, ನಡುವೆ ನಿಂತರೆ ರೇಗಿಸಿದೆ. ಅವಳು ಗೋಡೆ ಹಿಡಿದು ನಗುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದರೆ, "ನಿನಗೆ ಹೇಳಿದ್ರೆ ನನ್ನ ಹಾಸಿಗೆಗೆ ಅಂಟಿಸಿಬಿಡ್ತಿದ್ದೆ, ಈ ಬೆಟ್ಟ ಎಲ್ಲಿ ನೋಡ್ತಿದ್ದೆ ನಾನು" ಎನ್ನುತ್ತಾಳೆ. ಅದು ಸುಳ್ಳಲ್ಲ, ಅಂಟಿಸುತ್ತಿದ್ದೆ. ಆದರೆ ಅದು ಅವಳ ಕಾರಣ. ನಿನ್ನ ಕಾರಣವೇನು? ಒಡಹುಟ್ಟಿದವಳ ಬೆನ್ನ ಹಿಂದೆ ತಾಯಿಯ ಜೀವದ ಗುಟ್ಟು ಕಟ್ಟಿಟ್ಟುಕೊಳ್ಳಲು ನಿನಗೆ ಹೇಗೆ ಮನಸ್ಸು ಬಂತು?

ಅಮ್ಮ ಬೆಂಚಿನ ಮೇಲೆ ಕೂತು, ನೀನಾದರೂ ಹೋಗಿ ನೋಡಿ ಬಂದು ನನಗೆ ಹೇಳು ಎಂದಳು. ಅವಳ ಎದುರು ಅಳಬಾರದೆಂದು ಹೋದೆ. ಗುರುತಿಲ್ಲದ ಮಂದಿಯ ನಡುವೆ ತೂಗಾಡುತ್ತ ಹೋದೆ. ತುದಿಯಲ್ಲಿ ಹೊಸ ದಂಪತಿಗಳು ಫೋಟೊ ತೆಗೆದುಕೊಡಿ ಎಂದರು, ತೆಗೆದುಕೊಟ್ಟೆ. ಒಂದು ಮೋಡವೂ ಇರಲಿಲ್ಲ. ಹಿಮದ ಸಾಲು ಕಣ್ಣು ಹೋದಷ್ಟು ದೂರ ಹೊಳೆಯುತ್ತಿತ್ತು. ಇಳಿದು ಬಂದೆ. ಏನು ಕಂಡೆ ಎಂದು ಅಮ್ಮ ಆಸೆಯಿಂದ ಕೇಳಿದಳು. ಬರೀ ಮಂಜು, ಏನೂ ಕಾಣಲಿಲ್ಲ ಎಂದುಬಿಟ್ಟೆ. ಅವಳಿಗೆ ನೋಯಲಿ ಎಂದು ಅಂದೆನೋ, ನೋಯದಿರಲಿ ಎಂದೋ, ಇವತ್ತಿಗೂ ನನಗೆ ತಿಳಿಯದು. ಅವಳು ಕತ್ತೆತ್ತಿ ಶಿಖರದ ಕಡೆ ನೋಡಿದಳು. ಬೆಂಚಿನಿಂದಲೂ ಅದು ನಿಚ್ಚಳವಾಗಿ ಕಾಣುತ್ತಿತ್ತು. "ಹೌದಾ," ಎಂದಳು, "ಹೋಗಲಿ ಬಿಡು, ಬಾ, ಚಹಾ ಕುಡಿಯೋಣ." ಇಳಿಯುವ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ, ಅಷ್ಟೆ.

ಈಗ ಅವಳು ಒಳಗೆ ಮಲಗಿದ್ದಾಳೆ. ಮೆಟ್ಟಿಲು ಹತ್ತಿಸುವುದನ್ನು ನಿಲ್ಲಿಸಿದ್ದೇನೆ. ನೆಲಮಹಡಿಯಲ್ಲಿ ಮನೆ ಹುಡುಕುತ್ತಿದ್ದೇನೆ, ಅವಳಿಗಿನ್ನೂ ಹೇಳಿಲ್ಲ. ನೋಡು, ನಿಮ್ಮ ಚಾಳಿ ನನಗೂ ಅಂಟಿತು. ಸಮುದ್ರದ ಮೇಲೆ ಹುಷಾರಾಗಿರು. ಹೊತ್ತುಹೊತ್ತಿಗೆ ಊಟ ಮಾಡು. ಅಮ್ಮನ ಆಶೀರ್ವಾದ ನಿನಗೆ ಹೇಗೂ ಇದ್ದೇ ಇದೆ, ನಾನು ಬೇರೆ ಬರೆಯಬೇಕಿಲ್ಲ.

ಇಂತಿ,
ನಿನ್ನ ತಂಗಿ
(ನೀನು ಇಟ್ಟ 'ಬಾಲ' ಎಂಬ ಹೆಸರು ಹಾಕಲು ಈ ಸಲ ಕೈ ಬರುತ್ತಿಲ್ಲ.)

ಮರೆತಿದ್ದೆ: ಎದ್ದಳೆಂದು ಕಾಣುತ್ತದೆ, ಬೇಗ ಮುಗಿಸುತ್ತೇನೆ. ನಾಡಿದ್ದು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅವಳನ್ನು ಹೊರಗೆ ಕೂರಿಸಿ ನಿನ್ನೊಬ್ಬನಿಗೆ ಅವರು ಏನೋ ಹೇಳಿದರಂತೆ, ಅದೇನೆಂದು ಅವಳಿಗೂ ನೀನು ಹೇಳಿಲ್ಲವಂತೆ. ಪತ್ರ ಬೇಡ, ಮುಂದಿನ ಬಂದರು ಸಿಕ್ಕ ಕೂಡಲೇ ನನ್ನ ಅಂಗಡಿಗೆ ಫೋನ್ ಮಾಡು. ಅಮ್ಮ ಇನ್ನೆಷ್ಟು ದಿನ ಇರುತ್ತಾಳೆ, ಅಣ್ಣಾ?