ಭಾರ ಕೂರುವ ಮೊದಲೇ ಅಳೆದ ಓರೆ

ಮಗಳೇ ಕಿಡಿ,

ಜೇನಿನವನ ಪಿಕಪ್ ಗಾಡಿಯಲ್ಲಿ ತಪ್ಪಿದ್ದು ನಿನ್ನ ಬೆಸುಗೆಯಲ್ಲ, ನನ್ನ ಅಳತೆ. ಕ್ಷೇಮಸಮಾಚಾರ ಕೇಳುವ ಮೊದಲೇ ಇದನ್ನು ಬರೆದುಬಿಟ್ಟಿದ್ದೇನೆ. ನನ್ನ ಅಕ್ಷರ ಕಂಡೊಡನೆ ನೀನು ಕಾಗದವನ್ನು ಮಡಚಿಬಿಡಬಹುದು. ಒಂಬತ್ತು ವರ್ಷ ತಡವಾಗಿದೆ. ಹೈಸ್ಕೂಲು ಓದಿದವಳು ನಾನು, ಇಷ್ಟು ಚಿಕ್ಕ ವಾಕ್ಯ ಕೂಡಿಸಲು ಒಂಬತ್ತು ವರ್ಷ ಹಿಡಿಯುವಷ್ಟು ದಡ್ಡಿಯಲ್ಲ. ಬರೆಯಬಾರದೆಂದೇ ಬರೆಯಲಿಲ್ಲ.

ನಿನಗೆ ಕಿಡಿ ಎಂದು ಹೆಸರಿಟ್ಟವರು ನಿನ್ನಪ್ಪ. ವೆಲ್ಡಿಂಗ್ ಹೋಲ್ಡರ್ ಹಿಡಿಯಲು ಬಿಟ್ಟವಳು ನಾನು. ನಿನ್ನ ಚಿಕ್ಕಪ್ಪ ಅಂಗಳದಲ್ಲಿ ನಿಂತು, "ಅತ್ತಿಗೆ, ನಾಳೆ ಇನ್ನೊಬ್ಬರ ಮನೆಗೆ ಹೋಗೋ ಹುಡುಗಿ, ಮುಖ ಸುಟ್ಕೊಂಡ್ರೆ ಯಾರು ಕಟ್ಕೋತಾರೆ?" ಎಂದಾಗ, "ಕಿಡಿಗೆ ಗಂಡು ಯಾರು ಹೆಣ್ಣು ಯಾರು ಅಂತ ಗೊತ್ತಾಗಲ್ಲ ಕಣಪ್ಪ. ನಿನಗೊಬ್ಬನಿಗೇ ಗೊತ್ತಾಗೋದು" ಎಂದು ಬಾಯಿ ಮುಚ್ಚಿಸಿದ್ದೆ. ಬೀದಿಯ ಗ್ಯಾರೇಜಿನವರೆಲ್ಲ ನಕ್ಕಿದ್ದರು. ಆ ಮಾತಿನ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ಅದನ್ನು ನಾನೇ ಮುರಿದೆ, ಅದೇ ಅಂಗಳದಲ್ಲಿ, ಅದೇ ಜನರ ಎದುರು.

ನಮ್ಮ ಗ್ಯಾರೇಜಿಗೆ ಒಂದು ಕಟ್ಟುಪಾಡಿತ್ತು. ಸ್ಪ್ರಿಂಗ್ ಪ್ಲೇಟಿನ ಕಟ್ಟು ಆಕ್ಸೆಲ್ಲಿನ ಮೇಲೆ ಕೂರುವ ಜಾಗದಲ್ಲಿ ಒಂದು ಕಬ್ಬಿಣದ ತುಂಡು ಬೆಸೆಯುತ್ತೇವಲ್ಲ, ನಾವು ಮಣೆ ಎನ್ನುತ್ತಿದ್ದೆವಲ್ಲ, ಅದಕ್ಕೆ ಮೊದಲು ಚುಕ್ಕೆಯಷ್ಟು ಬೆಸುಗೆ ಮಾತ್ರ. ಇಂಜಿನ್ ಕೂರಬೇಕು, ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನಿಲ್ಲಬೇಕು, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಬೇಕು. ಆಮೇಲೆ ನಿನ್ನಪ್ಪ ರಸಮಟ್ಟ ಇಟ್ಟು ಸ್ಟೇರಿಂಗು ನೆಟ್ಟಗೆ ನಿಲ್ಲಲು ಬೇಕಾದಷ್ಟು ಆಕ್ಸೆಲ್ ಹಿಂದಕ್ಕೆ ಓರೆಯಾಗಿದೆಯೇ ಎಂದು ನೋಡಿ, "ಸರಿ" ಎಂದ ಮೇಲೆಯೇ ಪೂರ್ತಿ ಬೆಸುಗೆ. ಸೀಟಿನಲ್ಲಿ ಕೂರುತ್ತಿದ್ದವಳು ನಾನು. "ನಿಮ್ಮಮ್ಮನಷ್ಟು ಭಾರದ ಕಲ್ಲು ಈ ಬೀದೀಲಿ ಸಿಗಲ್ಲ ಕಣೇ" ಎನ್ನುತ್ತಿದ್ದರು. ನೀವಿಬ್ಬರೂ ಗಾಡಿಯ ಕೆಳಗೆ ಮಲಗಿಕೊಂಡು ನಗುವುದು ಸೀಟಿನ ಮೂಲಕ ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದೆ. ಖುಷಿಯಾಗಿರುತ್ತಿದ್ದೆ ಎಂದು ಈಗ ಹೇಳಿದರೆ ನಂಬುತ್ತೀಯಾ?

ನಿನ್ನಪ್ಪ ತೀರಿಹೋದ ಮೇಲೆ ರಸಮಟ್ಟವನ್ನು ನಾನು ತೆಗೆದುಕೊಂಡೆ. ನಿನ್ನ ಕೈಗೆ ಕೊಡಬೇಕಿತ್ತು. ಕೊಟ್ಟರೆ ಗ್ಯಾರೇಜು ನಿನ್ನದಾಗುತ್ತದೆ, ನಾನು ಮೂಲೆಯಲ್ಲಿ ಕೂತ ಮುದುಕಿಯಾಗುತ್ತೇನೆ ಅನ್ನಿಸಿತು. ಕೊಡಲಿಲ್ಲ.

ಜೇನಿನವನ ಗಾಡಿ ಬಂದದ್ದು ಅದಾದ ಆರು ತಿಂಗಳಿಗೆ. ಜೇನುಪೆಟ್ಟಿಗೆಗಳನ್ನು ಹೊತ್ತು ಕಲ್ಲುದಾರಿಯಲ್ಲಿ ಬೆಟ್ಟ ಹತ್ತುವವನು. ಮುಂದಿನ ಎರಡು ಚಕ್ರಗಳೂ ಬೇರೆಬೇರೆ ತೋಳಿನ ಮೇಲೆ ಕುಣಿಯುವ ಗಾಡಿ, ವರ್ಷಕ್ಕೆರಡು ಸಲ ತೋಳು ಬಾಗುತ್ತಿತ್ತು. "ಇದನ್ನೆಲ್ಲ ಕಿತ್ತುಹಾಕಿ, ಲಾರಿಗಿರೋ ಹಾಗೆ ಅಡ್ಡಕ್ಕೆ ಒಂದೇ ಆಕ್ಸೆಲ್, ಪ್ಲೇಟು ಹಾಕ್ಕೊಡಿ ಅಮ್ಮೋರೆ, ನನ್ನ ಕಾಲ ಮುಗಿಯೋವರೆಗೂ ಬಾಳಿಕೆ ಬರಲಿ" ಎಂದ. ಹಳೆಯ ತೋಳುಗಳನ್ನು ನೀನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ತೆಗೆದೆ, ಚಾಸಿಯನ್ನು ಉಜ್ಜಿ ಕನ್ನಡಿ ಮಾಡಿದೆ. ಹದಿನೇಳು ದಿನ ನಿನ್ನ ಹುಬ್ಬಿನಲ್ಲಿ ಕಬ್ಬಿಣದ ಪುಡಿ ಇತ್ತು. ಅಂಥ ಕೆಲಸವನ್ನು ನಿನ್ನಪ್ಪನೂ ಒಂಟಿಯಾಗಿ ಮಾಡಿದ್ದಿಲ್ಲ.

ಬೆಟ್ಟದಲ್ಲಿ ಹೂವು ಬಿಟ್ಟಿದೆ, ಶುಕ್ರವಾರ ಮಧ್ಯಾಹ್ನದೊಳಗೆ ಗಾಡಿ ಬೇಕೇ ಬೇಕು ಎಂದಿದ್ದ. ನಾನು ಮಾತು ಕೊಟ್ಟಿದ್ದೆ. ಗುರುವಾರ ನೋಡಿದರೆ ರಿಪೇರಿಗೆ ಕೊಟ್ಟ ಇಂಜಿನ್ ಇನ್ನೂ ಮೇಲಿನ ಬೀದಿಯ ಮೇಸ್ತ್ರಿಯ ಹತ್ತಿರವೇ ಇದೆ, ಬೆಳಿಗ್ಗೆ ಕೊಡುತ್ತೇನೆ ಎನ್ನುತ್ತಾನೆ. ಮೂತಿ ಖಾಲಿಯಿದ್ದ ಗಾಡಿಗೇ ನಾನು ರಸಮಟ್ಟ ಇಟ್ಟೆ. "ಇಂಜಿನ್ ಕೂರಲಿ ಅಮ್ಮ, ನೀನೂ ಕೂತ್ಕೋ, ಆಮೇಲೆ ಅಳೆಯೋಣ. ಒಂದು ದಿನ ತಡವಾದ್ರೆ ಆಕಾಶ ಬೀಳಲ್ಲ" ಎಂದೆ ನೀನು. "ನಿಮ್ಮಪ್ಪನ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ, ನನಗೆ ಓರೆ ಹೇಳ್ಕೊಡ್ತೀಯಾ? ಬೆಸೆ" ಎಂದೆ ನಾನು. ನೀನು ಒಂದು ಕ್ಷಣ ನನ್ನ ಮುಖ ನೋಡಿದೆ. ಮುಖವಾಡ ಎಳೆದುಕೊಂಡು ಬೆಸೆದೆ. ರಸಮಟ್ಟ ಹಿಡಿದವರ ಮಾತೇ ಕೊನೆಯ ಮಾತು ಎನ್ನುವುದೂ ನಮ್ಮ ಕಟ್ಟುಪಾಡೇ ಆಗಿತ್ತಲ್ಲ.

ಇಂಜಿನ್ ಕೂತಿತು, ಮೂತಿ ತಗ್ಗಿತು, ಆಕ್ಸೆಲ್ಲಿಗೆ ಬೇಕಿದ್ದ ಓರೆ ಇಲ್ಲವಾಯಿತು. ನಮ್ಮ ಬೀದಿಯಲ್ಲಿ ಮೆಲ್ಲಗೆ ಓಡಿಸಿ ನೋಡಿದಾಗ ಏನೂ ತಿಳಿಯಲಿಲ್ಲ. ಎಂಟನೆಯ ದಿನ ಅವನು ವಾಪಸ್ಸು ಬಂದ. ಇಳಿಜಾರಿನಲ್ಲಿ ಸ್ಟೇರಿಂಗು ಜ್ವರ ಬಂದವರ ಹಾಗೆ ನಡುಗಿತಂತೆ, ಗಾಡಿ ರಸ್ತೆಯ ಉದ್ದಕ್ಕೂ ತೂರಾಡಿತಂತೆ. ಎರಡು ಪೆಟ್ಟಿಗೆ ಬಿದ್ದು ಒಡೆದು ಎರಡು ಜೇನು ಕುಟುಂಬ ಹೋದವು. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. "ಯಾರ ಕೈ ಕೆಲಸ ಅಮ್ಮೋರೆ ಇದು?" ಎಂದಷ್ಟೇ ಕೇಳಿದ. ಟೈರಿನವನು, ಎದುರಿನ ಪ್ಲೇಟು ಮೇಸ್ತ್ರಿ, ಪೇಂಟಿನವನು, ಎಲ್ಲರೂ ಬಂದು ನಿಂತಿದ್ದರು. "ಏನ್ಮಾಡೋದಪ್ಪ, ಎಷ್ಟೆಂದ್ರೂ ಹೆಣ್ಣು ಕೈ" ಎಂದುಬಿಟ್ಟೆ.

ನೀನು ಅಂದಿನ ಕಸ ಗುಡಿಸಿದೆ, ಉಳಿದ ವೆಲ್ಡಿಂಗ್ ಕಡ್ಡಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಮರುದಿನ ಬೆಳಿಗ್ಗೆ ಸೋದರತ್ತೆಯ ಮನೆಗೆ ಹೋಗುತ್ತೇನೆ ಎಂದು ಹೊರಟೆ. ನಾಲ್ಕು ದಿನಕ್ಕೆ ಸಿಟ್ಟು ಇಳಿಯುತ್ತದೆ ಎಂದುಕೊಂಡೆ. ನಿನ್ನ ಮದುವೆಯ ಸುದ್ದಿಯೂ ನನಗೆ ಟೈರಿನವನಿಂದ ತಿಳಿಯಿತು.

ಹೋದ ತಿಂಗಳು ಜೇನಿನವನು ಅದೇ ಗಾಡಿ ತಂದ. ಕೂದಲೆಲ್ಲ ನೆರೆತಿದೆ. "ಜೇನು ಬಿಟ್ಟೆ ಅಮ್ಮೋರೆ. ಬಿಟ್ಟೆ ಅನ್ನೋದೇನು ಬಂತು, ಜೇನೇ ನನ್ನನ್ನ ಬಿಟ್ಟಿತು. ಎಲ್ಲ ಬಿಚ್ಚಿ ಗುಜರಿಗೆ ಹಾಕಿಬಿಡಿ" ಎಂದ. ನಾನು ಈ ನೋಯುವ ಮಂಡಿ ಇಟ್ಟುಕೊಂಡು ಚಾಪೆ ಹಾಸಿ ಗಾಡಿಯ ಕೆಳಗೆ ಮಲಗಿದೆ. ನಿನ್ನ ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಪ್ಲೇಟಿಗೂ ಮಣೆಗೂ ನಡುವೆ, ಎರಡೂ ಕಡೆ, ಒಂದೊಂದು ಬೆಣೆ ಇತ್ತು. ಓರೆ ಸರಿಪಡಿಸಲು ಯಾರೋ ಇಟ್ಟಿದ್ದು. ಹೆಬ್ಬೆರಳಷ್ಟು ದಪ್ಪದ ಬೆಣೆ. ಇಷ್ಟೇ ಬೇಕಾಗಿದ್ದದ್ದು.

ಅವತ್ತೇ ಬೀದಿಯವರನ್ನೆಲ್ಲ ಅಂಗಳಕ್ಕೆ ಕರೆದೆ. ನನ್ನ ಬಗ್ಗೆ ನಿನಗೆ ಗೊತ್ತು, ಯಾರೆದುರೂ ಸೋಲೊಪ್ಪಿದವಳಲ್ಲ. ತಪ್ಪು ನನ್ನದು, ಮಗಳದ್ದಲ್ಲ ಎಂದೆ. ಯಾರೂ ಬೆರಗಾಗಲಿಲ್ಲ. ಪ್ಲೇಟು ಮೇಸ್ತ್ರಿ ತಲೆ ಕೆರೆದುಕೊಂಡು, "ಅದು ಅವತ್ತೇ ಗೊತ್ತಿತ್ತು ಬಿಡಿ ಅಮ್ಮೋರೆ. ಬೆಣೆ ಹಾಕಿ ಕೊಟ್ಟೋನೇ ನಾನು" ಎಂದ. "ಮತ್ತೆ ಬಾಯಿಗೆ ಬೀಗ ಬಿದ್ದಿತ್ತಾ ನಿನಗೆ?" ಎಂದು ಗದರಿದೆ. "ಹುಲಿ ಬಾಯಿಗೆ ಯಾರು ಕೈ ಹಾಕ್ತಾರೆ? ಕಿಡಿ ಹತ್ರ ಮಾತ್ರ ಹೇಳಿದ್ದೆ, ಅವಳು ಊರು ಬಿಡೋ ದಿನ. ‘ನಂಗೊತ್ತು ಮಾವ, ಅಮ್ಮಂಗೆ ಹೇಳ್ಬೇಡಿ, ಅವಳಿಗೆ ತಡಕೊಳ್ಳೋಕಾಗಲ್ಲ’ ಅಂದ್ಲು" ಎಂದ. ಆಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು.

ಹಾಗಾಗಿ ಈ ಕಾಗದದ ಮೊದಲ ಸಾಲು ನಿನಗೆ ಹೊಸದಲ್ಲ, ಯಾರಿಗೂ ಹೊಸದಲ್ಲ. ಅಳತೆ ತಪ್ಪಿದ್ದಕ್ಕೆ ನೀನು ಮನೆ ಬಿಟ್ಟವಳೂ ಅಲ್ಲ.

ಟೈರಿನವನಿಂದ ವಿಳಾಸ ತಿಳಿದುಕೊಂಡು ಹೋದ ವಾರ ನಾನು ನಿನ್ನ ದಾರ-ಗುಂಡಿಯ ಅಂಗಡಿಗೆ ಬಂದದ್ದು ಆ ಇನ್ನೊಂದು ಮಾತಿಗೆ ಕ್ಷಮೆ ಕೇಳಲು. ಮೂರು ಬಸ್ಸು ಬದಲಿಸಿ ಬಂದೆ. ನೀನು ತಲೆ ಎತ್ತಿದೆ. ಗುರುತು ಹಿಡಿದೆ, ನನಗೆ ಗೊತ್ತು, ಕತ್ತರಿ ಹಿಡಿದಿದ್ದ ಕೈ ನಿಂತಿತು. "ನಿಮಗೇನು ತೋರಿಸ್ಲಿ?" ಎಂದು ಬಹುವಚನದಲ್ಲಿ ಕೇಳಿದೆ. ನಾನು ಬಾಯಿ ತೆರೆದೆ. "ಕಪ್ಪು ದಾರ" ಎಂಬುದೊಂದೇ ಬಂತು. ಒಳಗಿನಿಂದ ನಿನ್ನ ಗಂಡ, "ಯಾರೇ ಬಂದಿರೋದು?" ಎಂದರು. "ಯಾರೋ ಗಿರಾಕಿ" ಎಂದೆ ನೀನು. ದಾರ ಕಟ್ಟಿಕೊಟ್ಟ ನಿನ್ನ ಬೆರಳುಗಳನ್ನು ನೋಡಿದೆ. ಒಂದೂ ಸುಟ್ಟ ಕಲೆಯಿಲ್ಲ, ಎಲ್ಲ ಮಾಯ್ದಿವೆ. ನೀನು ಬೇರೆ ಯಾವ ಗ್ಯಾರೇಜಿನಲ್ಲಾದರೂ ಹೋಲ್ಡರ್ ಹಿಡಿದಿರುತ್ತೀ ಎಂಬ ಒಂದು ಸಮಾಧಾನ ನನಗಿತ್ತು. ಅದೂ ಅಲ್ಲಿಗೆ ಮುಗಿಯಿತು.

ನಿನ್ನೆ ಗುಜರಿಯವರು ಬಂದು ಗಾಡಿಯನ್ನು ತುಂಡು ಮಾಡಿಕೊಂಡು ಹೋದರು. ಮಣೆಯನ್ನು ಸುತ್ತಿಗೆಯಿಂದ ಬಡಿದು ಬಿಡಿಸಲು ನೋಡಿದರು, ಬಿಡಲಿಲ್ಲ. ಕೊನೆಗೆ ಮಣೆಯ ಪಕ್ಕದಲ್ಲಿ ಆಕ್ಸೆಲ್ಲನ್ನೇ ಕತ್ತರಿಸಿದರು. "ಯಾರಮ್ಮ ಇದನ್ನ ಬೆಸೆದಿದ್ದು?" ಎಂದು ಬೆವರೊರೆಸಿಕೊಳ್ಳುತ್ತ ಒಬ್ಬ ಕೇಳಿದ. ನನ್ನ ಮಗಳು ಎಂದೆ. "ಈಗೆಲ್ಲಿದ್ದಾರೆ?" ಎಂದ. ತೂಕ ಸರಿಯಾಗಿ ನೋಡಪ್ಪ ಎಂದೆ. ಎಲ್ಲವೂ ತೂಕಕ್ಕೆ ಹೋಯಿತು. ಇನ್ನು ಅವನೇ ನಡೆಸಲಿ ಎಂದು ಗ್ಯಾರೇಜಿನ ಬೀಗದ ಕೈಯನ್ನು ಪ್ಲೇಟು ಮೇಸ್ತ್ರಿಗೆ ಕೊಟ್ಟಿದ್ದೇನೆ.

ಹೆಣ್ಣು ಕೈ ಎಂದವಳೂ ಹೆಣ್ಣೇ ಆಗಿದ್ದಳು, ನಿನ್ನ ತಾಯಿಯಾಗಿದ್ದಳು, ನಿನ್ನ ಕೆಲಸ ಎಂಥದ್ದೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದಳು. ಗೊತ್ತಿದ್ದೇ ಆಡಿದ ಮಾತಿಗೆ ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಉತ್ತರ ಬರೆಯಬೇಡ. ನೀನು ಕನಿಕರದಿಂದ ಬರೆಯುವವಳು, ಅದನ್ನು ಓದಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಲಕೋಟೆಯ ಮೇಲೆ ನನ್ನ ವಿಳಾಸ ಹಾಕಿಲ್ಲ, ಮನೆಯಲ್ಲಿ ಕೇಳಿದರೆ ಏನಾದರೂ ಹೇಳಿಕೋ.

ಇನ್ನು ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ನಾನಿರಬಹುದೆಂದು ನಿನ್ನ ಕೈ ನಿಲ್ಲುವುದು ಬೇಡ. ನಾನು ಬರುವುದಿಲ್ಲ. ನಿಶ್ಚಿಂತೆಯಿಂದ ಕೆಲಸ ಮಾಡು, ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಂಗಡಿಗೆ ಬಂದಿದ್ದ ಗಿರಾಕಿ,
ಅಮ್ಮ