ಚಿಮಟ ಮನೆಯಲ್ಲೇ ಇರಲಿ

ಸಿದ್ಧಲಿಂಗ,

ಅಪ್ಪಾಜಿ ಹತ್ತಿರ ಕೂರಲು ಬೆಳಗಿನ ರೈಲಿಗೇ ಕಲಬುರಗಿ ದವಾಖಾನೆಗೆ ಹೊರಟಿದ್ದೇನೆ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ಉಂಡ ತಾಟು ತೊಳೆದಿಡು, ಅದನ್ನೂ ನನಗೇ ಬಿಡಬೇಡ.

ಅಪ್ಪಾಜಿಯ ನಿಜಾಮರ ಕಾಲದ ಅಂಚೆ ಸ್ಟಾಂಪನ್ನು ಪರೀಕ್ಷೆ ಮಾಡಿಸಲು ಇವತ್ತೇ ಹೈದರಾಬಾದಿಗೆ ಒಯ್ಯುತ್ತೇನೆ ಎಂದು ನೀನು ಹೇಳಿದ್ದೆ. ಒಯ್ಯಬೇಡ. ಅದು ಅಸಲಿ ಎಂದು ಗೊತ್ತಾದರೂ ಈಗ ಯಾರಿಗೆ ಹೇಳುತ್ತೀ? ನಿನ್ನೆಯಿಂದ ಅವರು ಮಾತೇ ಆಡಿಲ್ಲ. ನನ್ನ ಗುರುತೂ ಹತ್ತಲಿಲ್ಲ.

ಆಲ್ಬಮ್ ತೆಗೆದುಕೊಂಡು ಸೀದಾ ದವಾಖಾನೆಗೆ ಬಾ. ಸ್ಟಾಂಪು ಹಿಡಿಯುವ ಚಿಮಟ ತರಬೇಡ. ಅವರ ಕಣ್ಣೆದುರಿಗೇ ಆ ಸ್ಟಾಂಪನ್ನು ಬರಿಗೈಯಲ್ಲಿ ಎತ್ತು. ಬೆರಳಿನ ಕಲೆ ಬಿದ್ದರೆ ಬೆಲೆ ಇಳಿಯುತ್ತದೆ ಎಂದು ನನಗೂ ಗೊತ್ತು. ಇಳಿಯಲಿ. ಸಣ್ಣವರಿದ್ದಾಗ ನಾವು ಆಲ್ಬಮ್ ತೆರೆದರೆ ಸಾಕು, ಅಡುಗೆಮನೆಗೂ ಕೇಳುವ ಹಾಗೆ ಬೈಯುತ್ತಿದ್ದರಲ್ಲ, "ಕೈ ಹಚ್ಚಬ್ಯಾಡ್ರಿ, ಹಾಳಾಗ್ತದ. ಚಿಮಟ ತಗೋರಿ" ಅಂತ.

ಇವತ್ತೂ ಹಾಗೆ ಬೈದರೆ, ಅವರು ಎದ್ದು ಕುಳಿತ ಮೇಲೆ ಮೂವರೂ ಕೂಡಿ ಹೈದರಾಬಾದಿಗೆ ಹೋಗೋಣ.

ಬೈಯದೆ ಸುಮ್ಮನೆ ನೋಡಿದರೆ, ಯಾವ ಅವಸರವೂ ಇಲ್ಲ ತಮ್ಮಾ. ಆಮೇಲೆ ಯಾವಾಗ ಬೇಕಾದರೂ ಒಯ್ಯಿ.

ಅಕ್ಕ