ಅಕ್ಕ ಬಾಗಿಲಿಗೆ ಬರಲಿಲ್ಲ

ಮಾರ್ಚ್ ೧೧, ಬುಧವಾರ. ಆಸ್ಟ್ರೇಲಿಯಾದ ಲಾಂಗ್‌ರೀಚ್ ಊರಿನ ಆಚೆ, ಅಕ್ಕನ ಮನೆ.

ಎದೆ ಇನ್ನೂ ಡವಡವ ಅನ್ನುತ್ತಿದೆ. ಮೊಮ್ಮಗಳು ಟೆಸ್ ತನ್ನ ಪುಟ್ಟ ವಿಮಾನವನ್ನು ಈ ಮನೆಯ ಮೇಲೆ ಮೂರು ಸುತ್ತು ಹಾರಿಸಿದಳು. ಸದ್ದು ಕೇಳಿ ಮರ್ಲಕ್ಕ ಓಡಿಬಂದು, ನಾವು ಇಳಿಯುವ ಬಯಲಿನಿಂದ ಕುರಿಗಳನ್ನು ಅಟ್ಟುವುದು ವಾಡಿಕೆ. ಇವತ್ತು ಬಾಗಿಲೇ ತೆರೆಯಲಿಲ್ಲ. ನನ್ನ ಕಣ್ಣು ಅದರ ಮೇಲೇ ಇತ್ತು.

"ಅಳ್ಬೇಡ ಅಜ್ಜಿ. ಕುರಿ ಒಂದೂ ಇಲ್ಲ, ಇಳಿಸ್ತೀನಿ."

"ಯಾರೇ ಅಳ್ತಿರೋದು? ಮುಂದೆ ನೋಡು!"

ಇಳಿದರೆ, ಬಯಲಿನ ಅಂಚಿನ ಮರದಡಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾಳೆ ಮಹಾತಾಯಿ.

"ಸತ್ತೇಹೋದ್ಯೇನೋ ಅಂದ್ಕೊಂಡ್ನಲ್ಲೇ!"

"ಜೋರಾಗಿ ಹೇಳೇ, ಕಿವಿ ಪೂರ್ತಿ ಹೋಗಿದೆ. ನಿಮ್ಮ ವಿಮಾನ ಕೇಳ್ಸಲ್ಲ ಅಂತ ಬೆಳಗ್ಗೇನೇ ಕುರಿ ಅಟ್ಟಿ ಇಲ್ಲೇ ಕೂತೆ."

ಅವಳ ಮೂಗು ಬಿಸಿಲಿಗೆ ಸುಲಿದುಹೋಗಿದೆ. ಈಗ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾಳೆ. ಬೇರೆ ದಿನವಾಗಿದ್ದರೆ ದಿಂಬು ಎಸೆಯುತ್ತಿದ್ದೆ. ಇವತ್ತು ಹೊಡೆಯಲಿ. ಗೊರಕೆ ನಿಂತರೇ ನನಗೆ ಭಯ.